ಗಾಳಿ ಎಳೆಯದಂತೆ, ಬೆಂಕಿ ತಾಗದಂತೆ: ಮನೆಯಲ್ಲೇ ಡೀಸೆಲ್ ಫಿಲ್ಟರ್ ಬದಲಿಸುವುದು

ಮೊದಲ ಸಲ ನಾನೇ ಡೀಸೆಲ್ ಫಿಲ್ಟರ್ ಬದಲಿಸಿದ ದಿನ ಗಾಡಿ ಮೂರನೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಸುತ್ತ ಟಾರ್ಚ್ ಹಾಕಿ ನೋಡಿದೆ. ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಗೆದ್ದೆ ಅಂದುಕೊಂಡು ಪೇಟೆ ಕಡೆ ಹೊರಟವನು, ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆರೆ ಏರಿಯ ಮೇಲೆ ನಿಂತಿದ್ದೆ. ಎಂಜಿನ್ ಎರಡು ಸಲ ಕೆಮ್ಮಿ, ಮುಗ್ಗರಿಸಿ, ಆಫ್ ಆಯಿತು. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಬರೀ ಗರ್‌ಗರ್.

ಬೈಕಿನಲ್ಲಿ ಬಂದ ಮೆಕ್ಯಾನಿಕ್ ಹೆಚ್ಚೇನೂ ಕೇಳಲಿಲ್ಲ. ಫಿಲ್ಟರ್ ಬಿಚ್ಚಿದ, ಅದು ಕೂರುವ ತಲೆಯ ಅಡಿಯಲ್ಲಿ ಬೆರಳಾಡಿಸಿದ, ಉಗುರಿನಿಂದ ಒಂದು ಕಪ್ಪು ರಬ್ಬರ್ ರಿಂಗ್ ಎಬ್ಬಿಸಿ ನನ್ನ ಮುಂದೆ ಹಿಡಿದ. ಹಳೆಯ ಫಿಲ್ಟರಿನ ರಿಂಗ್! ಫಿಲ್ಟರ್ ಕೈಗೆ ಬಂದರೂ ಅದು ಮೇಲೆಯೇ ಅಂಟಿಕೊಂಡು ಉಳಿದಿತ್ತು. ನಾನು ನೋಡದೆ ಅದರ ಮೇಲೆಯೇ ಹೊಸ ಫಿಲ್ಟರನ್ನು ಅದರ ಹೊಸ ರಿಂಗ್ ಸಮೇತ ಬಿಗಿದಿದ್ದೆ. "ಎರಡೆರಡು ಬಳೆ ತೊಡಿಸಿದ್ದೀರಲ್ಲ ಸಾರ್" ಅಂದ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ: ಅಲ್ಲಿ ಸಂದು ಇದ್ದರೆ ಡೀಸೆಲ್ ಸೋರಬೇಕಿತ್ತಲ್ಲ? ಅನೇಕ ಡೀಸೆಲ್ ಗಾಡಿಗಳಲ್ಲಿ ಟ್ಯಾಂಕಿನೊಳಗೆ ಪಂಪ್ ಇರುವುದಿಲ್ಲ. ಎಂಜಿನ್ ಪಕ್ಕದ ಪಂಪೇ ಫಿಲ್ಟರ್ ಮೂಲಕ ಡೀಸೆಲನ್ನು ಎಳೆದುಕೊಳ್ಳುತ್ತದೆ, ಎಳನೀರಿಗೆ ಸ್ಟ್ರಾ ಹಾಕಿ ಹೀರಿದ ಹಾಗೆ. ಸ್ಟ್ರಾದಲ್ಲಿ ಸೂಜಿತೂತು ಇದ್ದರೆ ಎಳನೀರು ಹೊರಗೆ ಚಿಮ್ಮುತ್ತದೆಯೇ? ಇಲ್ಲ, ಗಾಳಿ ಒಳಗೆ ನುಗ್ಗುತ್ತದೆ, ಹೀರಿದ್ದೆಲ್ಲ ವ್ಯರ್ಥ. ಸೋರಿದರೆ ಕಣ್ಣಿಗೆ ಕಾಣುತ್ತದೆ. ಗಾಳಿ ಎಳೆದರೆ ಕಾಣುವುದಿಲ್ಲ. ಫಿಲ್ಟರ್ ಬದಲಿಸುವ ಕೆಲಸದಲ್ಲಿ ಸ್ಪ್ಯಾನರ್ ತಿರುಗಿಸುವುದು ಕಾಲು ಭಾಗ, ಉಳಿದ ಮುಕ್ಕಾಲು ಈ ಗಾಳಿಯ ಜೊತೆಗಿನ ಜಗಳ.

ನಿಮ್ಮದು ಪೆಟ್ರೋಲ್ ಕಾರಾದರೆ

ಕೆಳಗೆ ಬರೆದಿರುವುದು ಡೀಸೆಲ್ ಕಾರಿಗೆ. ಪೆಟ್ರೋಲ್ ಕಾರಿನವರು ಇಷ್ಟನ್ನು ಓದಿ ತೀರ್ಮಾನಿಸಿ.

ಈಗಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಇರುವುದು ಟ್ಯಾಂಕಿನ ಒಳಗೆ, ಪಂಪಿನ ಜೊತೆಯಲ್ಲೇ. ಅದನ್ನು ತೆಗೆಯುವುದೆಂದರೆ ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟು ಎತ್ತಿ, ಕಾರಿನೊಳಗೇ ಟ್ಯಾಂಕಿನ ಬಾಯಿ ತೆರೆದ ಹಾಗೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಪೆಟ್ರೋಲಿನ ಆವಿಗೆ ಬೆಂಕಿ ಹಿಡಿಯಲು ಬಿಸಿಲು ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಹಾಗಾಗಿ ಮೇಲೇರಿ ಹೋಗುವುದಿಲ್ಲ. ನೆಲ ಹಿಡಿದು ಹರಿಯುತ್ತದೆ. ನಮ್ಮ ಕಡೆ ಶೆಡ್ಡಿನ ಪಕ್ಕದಲ್ಲೇ ಬಚ್ಚಲ ಒಲೆ ಇರುತ್ತದೆ, ಹಂಡೆಯ ಕೆಳಗೆ ಬೆಳಗಿನ ಕೆಂಡ ಇನ್ನೂ ಜೀವಂತವಾಗಿರುತ್ತದೆ. ಇನ್ನು ಹೇಳುವುದು ಬೇಡ.

ಫಿಲ್ಟರ್ ಹೊರಗೆ, ಕಾರಿನಡಿಯ ಲೈನಿನಲ್ಲಿ ಇರುವ, ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ ಹಳೆಯ ಎಂಪಿಎಫ್‌ಐ ಕಾರುಗಳಲ್ಲಿ, ಬಯಲಿನಲ್ಲಿ ನಿಲ್ಲಿಸಿ ಮಾಡಬಹುದು. ಆದರೆ ಆ ಪೈಪಿನೊಳಗೆ ಸುಮಾರು 3 ಬಾರ್ ಒತ್ತಡ ಇರುತ್ತದೆ, ನಿಮ್ಮ ಟೈರಿನಲ್ಲಿರುವುದಕ್ಕಿಂತ ಹೆಚ್ಚು. ಆಫ್ ಮಾಡಿದ ಮೇಲೂ ಅದು ಹಾಗೇ ಉಳಿದಿರುತ್ತದೆ. ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ಸಾಯುವವರೆಗೆ ಬಿಡಿ. ಇನ್ನೊಮ್ಮೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿನ ಮೇಲೆ ಬಟ್ಟೆ ಮುಚ್ಚಿ, ನಿಧಾನವಾಗಿ ಸಡಿಲಿಸಿ. ಹೊಸ ಫಿಲ್ಟರಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಲಿ. ಎಥೆನಾಲ್ 20 ಶೇಕಡಾ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಹಳೆಯ ಕಾರುಗಳೂ ಅದನ್ನೇ ಕುಡಿಯುತ್ತಿವೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ ಹಳೆಯ ಕೊಳೆಯನ್ನೂ ಬಿಡಿಸುತ್ತದೆ. ಆ ಕೊಳೆ ಬಂದು ನಿಲ್ಲುವುದು ಫಿಲ್ಟರಿನಲ್ಲಿ. ಹಳೆಯ ಕಾರಿನವರು ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಬದಲಿಸಿದರೆ ನಷ್ಟವಿಲ್ಲ.

ಬದಲಿಸುವ ಸಮಯ ಬಂತೇ?

ಎಷ್ಟು ಕಿಲೋಮೀಟರಿಗೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಮ್ಯಾನ್ಯುಯಲ್ ನೋಡಿ. ಗಾಡಿಯೂ ಹೇಳುತ್ತದೆ: ಊರೊಳಗೆ ಸರಿಯಾಗಿಯೇ ಓಡುತ್ತದೆ, ಐಡ್ಲಿಂಗ್ ಚೆನ್ನಾಗಿರುತ್ತದೆ, ಘಾಟಿ ಹತ್ತುವಾಗ ಮಾತ್ರ ಎಳೆಯುವುದಿಲ್ಲ. ನಾಲ್ಕು ಜನ ಕೂತು ಲಗೇಜ್ ತುಂಬಿ ಆಗುಂಬೆ ಏರುವಾಗ ಬೇಕಾಗುವ ಡೀಸೆಲ್ ಬೇರೆ, ಮನೆ ಮುಂದೆ ನಿಂತು ಗುರುಗುಟ್ಟುವಾಗ ಬೇಕಾಗುವುದೇ ಬೇರೆ. ಅರ್ಧ ಕಟ್ಟಿದ ಫಿಲ್ಟರ್ ಎರಡನೆಯದಕ್ಕೆ ಸಾಲುತ್ತದೆ, ಮೊದಲನೆಯದಕ್ಕೆ ಸಾಲುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿಗೆ ನೀರು ಬಂದಿರುವ ದೀಪ ಹತ್ತಿದರೆ ಮಾತ್ರ ಮುಂದೂಡಬೇಡಿ. ಕಾಮನ್ ರೈಲ್ ಎಂಜಿನ್ನಿನ (ರೈಲ್ ಅನ್ನುವ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಬಗೆಯದು) ಪಂಪಿಗೂ, ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೂ ಜಿಡ್ಡು ಸಿಗುವುದು ಡೀಸೆಲಿನಿಂದಲೇ, ಬೇರೆ ಆಯಿಲ್ ಅಲ್ಲಿಗೆ ಹೋಗುವುದಿಲ್ಲ. ನೀರು ಹೋದರೆ ಜಿಡ್ಡು ಹೋಯಿತು, ತುಕ್ಕು ಬಂತು. ಫಿಲ್ಟರಿಗೆ ಕೊಡುವ ದುಡ್ಡು ಯಾವ ಲೆಕ್ಕ, ನಾಲ್ಕು ಇಂಜೆಕ್ಟರಿನ ಬೆಲೆ ಒಮ್ಮೆ ಕೇಳಿ ನೋಡಿ.

ಮೊದಲು ಕೂಡಿಸಿಟ್ಟುಕೊಳ್ಳಿ

ನಿಮ್ಮ ಮಾಡೆಲ್ಲು, ಇಸವಿ, ಎಂಜಿನ್ ಹೇಳಿ ಸರಿಯಾದ ಫಿಲ್ಟರ್ ತನ್ನಿ. ಒಂದೇ ಹೆಸರಿನ ಕಾರಿಗೆ ಹೊಗೆ ನಿಯಮದ ಹಂತ ಬದಲಾದಂತೆ ಬಿಎಸ್4ರಲ್ಲಿ ಒಂದು, ಬಿಎಸ್6ರಲ್ಲಿ ಇನ್ನೊಂದು ಇರಬಹುದು. ಡಬ್ಬದೊಳಗೆ ಸಂದು ಮುಚ್ಚುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು ಇವೆಯೇ ಅಂತ ಅಂಗಡಿಯಲ್ಲೇ ತೆರೆದು ನೋಡಿ. ನಕಲಿ ಫಿಲ್ಟರ್‌ಗಳು ಬೇಕಾದಷ್ಟಿವೆ, ಇದರಲ್ಲಿ ಜಿಪುಣತನ ಬೇಡ. ಒಳ್ಳೆಯ ಫಿಲ್ಟರ್ ಕೆಲವೇ ಮೈಕ್ರಾನ್ ಗಾತ್ರದ ಧೂಳನ್ನು ಹಿಡಿಯುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ ಅಂದರೆ ಅಂದಾಜು ಸಿಗಬಹುದು. ಕಾಗದ ಕೆಟ್ಟದ್ದಾದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಜೊತೆಗೆ ಸ್ಪ್ಯಾನರ್ ಸೆಟ್, ಇಕ್ಕಳ, ಫಿಲ್ಟರ್ ಬಿಚ್ಚುವ ಪಟ್ಟಿ, ಅಗಲ ಬಾಯಿಯ ಒಂದು ಗಾಜಿನ ಬಾಟಲಿ, ಪ್ಲಾಸ್ಟಿಕ್ ಹಾಳೆ, ನೈಟ್ರೈಲ್ ಕೈಗವಸು, ಕನ್ನಡಕ. ಒರೆಸಲು ಎಳೆ ಬಿಡದ ಹತ್ತಿ ಬಟ್ಟೆ, ಹಳೆಯ ಪಂಚೆ ತುಂಡು ಬಹಳ ಒಳ್ಳೆಯದು. ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ, ಅದರ ಎಳೆ ಫಿಲ್ಟರ್ ತಲೆಯಲ್ಲಿ ಉಳಿದರೆ ಮುಂದೆ ತಡೆಯಲು ಏನೂ ಇಲ್ಲ.

ಬೆಂಕಿಯ ವಿಷಯಕ್ಕೆ ಬಂದರೆ ಡೀಸೆಲ್ ಪೆಟ್ರೋಲಿನಷ್ಟು ಸಿಡುಕಲ್ಲ. ಬೆಂಕಿಕಡ್ಡಿ ಹಾಕಿದರೂ ಹೊತ್ತುವುದಿಲ್ಲ ಅಂತ ಧೈರ್ಯ ಹೇಳುವವರಿದ್ದಾರೆ. ಆದರೆ ನಮ್ಮಲ್ಲಿ ಮಾರುವ ಡೀಸೆಲಿನ ಫ್ಲ್ಯಾಷ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಬಿಸಿ) 35 ಡಿಗ್ರಿಗಿಂತ ಕಡಿಮೆ ಇರಬಾರದು ಅನ್ನುವುದಷ್ಟೇ ನಿಯಮ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ನೆರಳಿನಲ್ಲೂ ಅದಕ್ಕಿಂತ ಹೆಚ್ಚು ಬಿಸಿ ಇರುತ್ತದೆ! ಇನ್ನು ಓಡಿಸಿ ಬಂದ ಗಾಡಿಯ ಟರ್ಬೊ ಮೇಲೆ ಡೀಸೆಲ್ ಬಿದ್ದರೆ ಕಿಡಿಯೂ ಬೇಕಿಲ್ಲ, ಲೋಹದ ಕಾವಿಗೇ ಹೊತ್ತಿಕೊಳ್ಳಬಹುದು. ಹಾಗಾಗಿ ಬೆಳಿಗ್ಗೆ ತಣ್ಣಗಿರುವ ಗಾಡಿಯಲ್ಲೇ ಶುರು ಮಾಡಿ. ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಎಬಿಸಿ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಕಡೆ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಡೀಸೆಲ್ ಬೆಂಕಿಗೆ ನೀರು ಎರಚಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ. ಬೀಡಿ, ಸೊಳ್ಳೆ ಬತ್ತಿ, ಗ್ರೈಂಡರ್ ಹತ್ತಿರ ಬೇಡ. ಬೆಳಕಿಗೆ ಎಲ್‌ಇಡಿ ಟಾರ್ಚ್.

ಒಂದು ಕಡೆ ಕೈ ಹಾಕಲೇಬೇಡಿ

ಫಿಲ್ಟರ್ ಇರುವುದು ಕಡಿಮೆ ಒತ್ತಡದ ಕಡೆ. ಅದರಾಚೆ, ಪಂಪಿನಿಂದ ರೈಲಿಗೆ, ರೈಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳಿವೆಯಲ್ಲ, ಅವುಗಳೊಳಗೆ ಎಂಜಿನ್ ಓಡುವಾಗ ಸಾವಿರ ಬಾರ್ ದಾಟುವ ಒತ್ತಡ. ಹಳೆಯ ಮೆಕ್ಯಾನಿಕ್‌ಗಳು ಗಾಳಿ ತೆಗೆಯಲು ಇಂಜೆಕ್ಟರಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಸುತ್ತಿದ್ದರು. ಹಳೆಯ ಜೀಪು, ಟ್ರ್ಯಾಕ್ಟರುಗಳ ಕಾಲದಲ್ಲಿ ಅದು ನಡೆಯುತ್ತಿತ್ತು. ಕಾಮನ್ ರೈಲ್‌ನಲ್ಲಿ ಹಾಗೆ ಮಾಡಿದರೆ ಕೂದಲೆಳೆಯಷ್ಟು ಸಂದಿನಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ಆ ಗಳಿಗೆಯೇ ಆಸ್ಪತ್ರೆಗೆ. ಆ ಪೈಪುಗಳಿಗೂ ನಮಗೂ ಇವತ್ತು ಸಂಬಂಧವಿಲ್ಲ.

ಕೆಲಸ ಶುರು

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಇಡಿ. ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ಹಾಕಿ, ಒಳಗಿನ ಒತ್ತಡ ಹೋಗಲಿ. ಫಿಲ್ಟರ್ ಸುತ್ತಲಿನ ಫೋಟೊ ಎರಡು ಕಡೆಯಿಂದ ತೆಗೆದುಕೊಳ್ಳಿ: ಯಾವ ಪೈಪ್ ಎಲ್ಲಿಗೆ, ಕ್ಲಿಪ್ ಯಾವ ಕಡೆ ಮುಖ ಮಾಡಿದೆ. ಅರ್ಧ ಗಂಟೆ ಕಳೆದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಆಮೇಲೆ ಒರೆಸಿ. ಬಿಚ್ಚುವ ಮುಂಚೆ ಒರೆಸಬೇಕು, ಬಿಚ್ಚಿದ ಮೇಲಲ್ಲ. ನಮ್ಮ ಮಣ್ಣಿನ ರಸ್ತೆಯ ಕೆಂಧೂಳು ಫಿಲ್ಟರಿನ ಕತ್ತಿನ ಸುತ್ತ ಗಟ್ಟಿಯಾಗಿ ಕೂತಿರುತ್ತದೆ, ತಿರುಗಿಸಿದ ತಕ್ಷಣ ಉದುರುವುದು ಸೀದಾ ಬಾಯೊಳಗೆ. ಕೆಳಗೆ ಆಲ್ಟರ್ನೇಟರ್ ಇದ್ದರೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬೆಲ್ಟು, ಕೂಲಂಟ್ ಪೈಪುಗಳ ಮೇಲೂ ಡೀಸೆಲ್ ಬೀಳಬಾರದು, ಆ ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಮೊದಲು ನೀರು ಇಳಿಸುವುದು. ಫಿಲ್ಟರಿನ ತಳದಲ್ಲಿ ಪ್ಲಾಸ್ಟಿಕ್ ತಿರುಪು ಇರುತ್ತದೆ. ಅದರಡಿ ಗಾಜಿನ ಬಾಟಲಿ ಹಿಡಿದು ಒಂದೆರಡು ಸುತ್ತು ಸಡಿಲಿಸಿ. ಬಾರದಿದ್ದರೆ ಮೇಲಿನ ಗಾಳಿ ಬಿಡುವ ತಿರುಪನ್ನು ಸ್ವಲ್ಪ ತೆರೆಯಿರಿ. ತುಂಬಿದ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಹತ್ತು ನಿಮಿಷ ಮುಟ್ಟಬೇಡಿ, ಆಮೇಲೆ ಬಗ್ಗಿ ಬೆಳಕಿಗೆ ನೋಡಿ. ಮೇಲೆ ತಿಳಿ ಹಳದಿ ಡೀಸೆಲ್. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ, ಬಾಟಲಿ ಓರೆ ಮಾಡಿದರೆ ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗೆ ಉರುಳಾಡುತ್ತದೆ. ಚಹಾ ಪುಡಿಯಂಥ ಕಪ್ಪು ಚೂರುಗಳಿದ್ದರೆ ಕೊಳೆ, ಕೆಂಪಗಿದ್ದರೆ ತುಕ್ಕು. ಒಂದು ಚಮಚ ನೀರಿಗೆ ಗಾಬರಿ ಬೇಡ, ಅದನ್ನು ಹಿಡಿದಿಡುವುದೇ ಫಿಲ್ಟರಿನ ಕೆಲಸ. ಕಾಲು ಬಾಟಲಿ ನೀರೇ ಬಂದರೆ ಟ್ಯಾಂಕಿನಲ್ಲೇ ನೀರಿದೆ ಎಂದರ್ಥ, ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ಟ್ಯಾಂಕ್ ಇಳಿಸಿ ತೊಳೆಸಬೇಕು.

ಈಗ ನೀರು ಬಂದದ್ದನ್ನು ತಿಳಿಸುವ ತಳದ ಸೆನ್ಸರ್‌ನ ವೈರು. ಲಾಕ್ ಒತ್ತಿ ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ಕೆಲವು ಫಿಲ್ಟರಿಗೆ ಪೈಪುಗಳು ನೇರವಾಗಿ ಬಂದಿರುತ್ತವೆ. ಕ್ಲಿಪ್‌ನ ಎರಡೂ ಕಿವಿ ಒತ್ತಿದಾಗ ಸಲೀಸಾಗಿ ಬರುತ್ತದೆ. ಬಾರದಿದ್ದರೆ ನೀವು ಒತ್ತುತ್ತಿರುವುದು ಕಿವಿಯನ್ನಲ್ಲ, ಇನ್ನೇನನ್ನೋ. ಬಲ ಹಾಕಿದರೆ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ, ಆಗ ಲೈನನ್ನೇ ಬದಲಿಸಬೇಕು. ಬಿಚ್ಚಿದ ಪೈಪಿನ ಬಾಯಿಗೆ ತಕ್ಷಣ ಚೊಕ್ಕ ಪ್ಲಾಸ್ಟಿಕ್ ಸುತ್ತಿ.

ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರಾದರೆ ಪಟ್ಟಿ ಹಾಕಿ ಎಡಕ್ಕೆ ತಿರುಗಿಸಿ. ಒಳಗೆ ಇನ್ನೂ ಡೀಸೆಲ್ ಇರುತ್ತದೆ, ನೆಟ್ಟಗೆ ಹಿಡಿದೇ ಇಳಿಸಿ. ಇಳಿಸಿದ ಕೂಡಲೇ ಅದರ ಬಾಯಿ ನೋಡಿ: ರಿಂಗ್ ಇದೆಯೇ? ಇಲ್ಲದಿದ್ದರೆ ಮೇಲೆ ತಲೆಯಲ್ಲಿ ಅಂಟಿಕೊಂಡಿದೆ. ಇದ್ದರೂ ಬೆರಳಾಡಿಸಿ ನೋಡಿ. ನಾನು ಈಗಲೂ ಎರಡೆರಡು ಸಲ ನೋಡುತ್ತೇನೆ.

ಹೊಸದನ್ನು ಕೂರಿಸುವುದು

ಹಳೆಯ ಫಿಲ್ಟರಿನ ತಳದ ಸೆನ್ಸರ್ ಹೊಸದಕ್ಕೆ ವರ್ಗಾಯಿಸಬೇಕಾದರೆ ಅದರ ಓ-ರಿಂಗ್ ಬದಲಿಸಿಯೇ ವರ್ಗಾಯಿಸಿ. ಅದರ ತಿರುಪಿನ ಎಳೆ ಪ್ಲಾಸ್ಟಿಕ್ಕಿನದು, ಕೈಯಲ್ಲೇ ಬಿಗಿ ಮಾಡಿದರೆ ಸಾಕು. ಹೊಸ ರಬ್ಬರಿಗೆಲ್ಲ ಚೊಕ್ಕ ಡೀಸೆಲ್ ಒಂದು ಬೆರಳು ಸವರಿ. ಒಣ ರಬ್ಬರ್ ತಿರುಗುವಾಗ ಮಡಚಿಕೊಳ್ಳುತ್ತದೆ, ಮಡಚಿದ ಕಡೆ ಗಾಳಿಗೆ ದಾರಿ.

ಇಲ್ಲಿ ಒಂದು ವಾದ ಇದೆ: ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ಹಾಕಬೇಕೇ ಬೇಡವೇ? ಗ್ಯಾರೇಜಿನಲ್ಲಿ ಅನೇಕರು ತುಂಬಿಸುತ್ತಾರೆ, ಬೇಗ ಸ್ಟಾರ್ಟ್ ಆಗುತ್ತದೆ ಅಂತ. ಡಬ್ಬಿಯ ಬಾಯಿ ನೋಡಿ. ಸುತ್ತಲೂ ಸಣ್ಣ ತೂತುಗಳು, ನಡುವೆ ಒಂದು ದೊಡ್ಡದು. ಸಾಮಾನ್ಯವಾಗಿ ಸಣ್ಣ ತೂತುಗಳಲ್ಲಿ ಕೊಳೆ ಡೀಸೆಲ್ ಒಳಗೆ ಹೋಗುತ್ತದೆ, ಕಾಗದ ದಾಟಿ ನಡುವಿನಿಂದ ಶುದ್ಧವಾಗಿ ಹೊರಬರುತ್ತದೆ. ಕ್ಯಾನಿನಿಂದ ನಡುವಿನ ತೂತಿಗೆ ಸುರಿದರೆ ಆ ಡೀಸೆಲ್ ಕಾಗದ ದಾಟುವುದೇ ಇಲ್ಲ, ಕ್ಯಾನಿನ ಧೂಳಿನ ಸಮೇತ ಪಂಪಿಗೆ ಹೋಗುತ್ತದೆ. ಕಾಮನ್ ರೈಲ್ ಗಾಡಿಗೆ ನಾನು ಖಾಲಿಯೇ ಹಾಕುತ್ತೇನೆ. ಗಾಳಿ ತೆಗೆಯುವ ಕೈ ಪಂಪ್ (ಮುಂದೆ ಹೇಳುತ್ತೇನೆ) ಇನ್ನಷ್ಟು ಹೊತ್ತು ಒತ್ತಬೇಕಾಗುತ್ತದೆ, ಅಷ್ಟೇ.

ಕೈಯಲ್ಲೇ ತಿರುಗಿಸುತ್ತಾ ಹೋಗಿ. ರಿಂಗ್ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಸುತ್ತು ಅನ್ನುವುದನ್ನು ಫಿಲ್ಟರ್ ಮೇಲೆ ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು. ಪಟ್ಟಿ ಹಾಕಿ ಬಿಗಿಯುವ ಚಪಲ ಬೇಡ. ಕಪ್ಪಿನೊಳಗೆ ಕಾಗದದ ಉರುಳೆ ಕೂರುವ ಬಗೆಯದಾದರೆ ಕಪ್ಪಿನ ತಳ ಒರೆಸಿ, ಮುಚ್ಚಳದ ರಿಂಗ್ ಬದಲಿಸಿ. ಪೈಪುಗಳು ಬೋಲ್ಟಿನಲ್ಲಿ ಕೂತಿದ್ದರೆ ತಾಮ್ರದ ವಾಷರುಗಳೂ ಹೊಸದೇ ಇರಲಿ, ಒಮ್ಮೆ ಚಪ್ಪಟೆಯಾದದ್ದು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಗಾಳಿ ತೆಗೆಯುವುದು

ಅವಸರ ಮಾಡಿ ನೇರ ಸೆಲ್ಫ್ ಹೊಡೆಯುವವರೇ ಹೆಚ್ಚು. ಒಣಗಿದ ಪಂಪನ್ನು ತಿರುಗಿಸುವುದೆಂದರೆ ಜಿಡ್ಡಿಲ್ಲದೆ ಲೋಹಕ್ಕೆ ಲೋಹ ಉಜ್ಜಿದ ಹಾಗೆ.

ಬೊಲೆರೊ ಥರದ ಗಾಡಿಗಳಲ್ಲಿ ಫಿಲ್ಟರ್ ತಲೆಯ ಮೇಲೆಯೇ ಒತ್ತುವ ಪಂಪ್ ಇರುತ್ತದೆ, ಕೆಲವದರಲ್ಲಿ ಲೈನಿನ ನಡುವೆ ರಬ್ಬರ್ ಬುರುಡೆ. ಗಾಳಿ ತಿರುಪು ಒಂದು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಹಿಡಿದು, ಒತ್ತಿ ಬಿಡಿ, ಒತ್ತಿ ಬಿಡಿ. ಮೊದಲು ಬರೀ ಉಸ್ ಅನ್ನುವ ಗಾಳಿ. ಆಮೇಲೆ ಕುದಿಯುವ ಹಾಲಿನಂತೆ ನೊರೆ. ನೊರೆ ಹೋಗಿ ಗುಳ್ಳೆಯಿಲ್ಲದ ಡೀಸೆಲ್ ಎಳೆಯಾಗಿ ಹರಿಯುವಾಗ ತಿರುಪು ಬಿಗಿ ಮಾಡಿ. ಮತ್ತೆ ಒತ್ತಿ. ಪಂಪ್ ಕೈಗೆ ಕಲ್ಲಿನಂತೆ ಗಟ್ಟಿಯಾಗಬೇಕು. ಗಾಳಿ ತಿರುಪು ಇಲ್ಲದ ಗಾಡಿಯಲ್ಲೂ ಈ ಗಟ್ಟಿತನವೇ ಗುರುತು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ರಿಂಗ್ ನೋಡಿ, ಕ್ಲಿಪ್ ನೋಡಿ, ತಳದ ತಿರುಪು ಮುಚ್ಚಿದ್ದೀರಾ ನೋಡಿ.

ಟ್ಯಾಂಕಿನೊಳಗೆ ಕರೆಂಟ್ ಪಂಪ್ ಇರುವ ಗಾಡಿಗಳಲ್ಲಿ ಕೈ ಕೆಲಸವಿಲ್ಲ. ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ. ಹಿಂದಿನಿಂದ ಗುಂಯ್ ಅನ್ನುವ ಸದ್ದು ಬಂದು ನಿಲ್ಲುತ್ತದೆ. ಆಫ್. ಹೀಗೆ ಐದಾರು ಸಲ. ಇಂಥ ಗಾಡಿಯಲ್ಲಿ ಫಿಲ್ಟರಿನ ಕಡೆಗೆ ಡೀಸೆಲನ್ನು ತಳ್ಳುವುದರಿಂದ ಸಂದು ಇದ್ದರೆ ಹೊರಗೇ ಸೋರುತ್ತದೆ, ನನಗಾದ ಮೋಸ ನಿಮಗಾಗುವುದಿಲ್ಲ.

ಕೈ ಪಂಪಿನ ಗಾಡಿಗೂ ಈಗ ಬ್ಯಾಟರಿ ಜೋಡಿಸಿ. ಚೆಲ್ಲಿದ್ದೆಲ್ಲ ಒರೆಸಿ ಒಣಗಿದ ಮೇಲಷ್ಟೇ ಸೆಲ್ಫ್. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು, ಇಲ್ಲದಿದ್ದರೆ ಸ್ಟಾರ್ಟರ್ ಮೋಟಾರ್ ಸುಡುತ್ತದೆ. ನಾಲ್ಕು ಸಲಕ್ಕೂ ಹಿಡಿಯದಿದ್ದರೆ ನಿಲ್ಲಿಸಿ ಮತ್ತೆ ಕೈ ಪಂಪ್ ಒತ್ತಿ. ಸ್ಟಾರ್ಟ್ ಆದ ಮೇಲೆ ಮೊದಲು ಸ್ವಲ್ಪ ಎಡವುತ್ತದೆ, ಹೆದರಬೇಡಿ. ಆಕ್ಸಿಲರೇಟರ್ ಮುಟ್ಟದೆ ಹತ್ತು ನಿಮಿಷ ಬಿಡಿ. ಜಾಯಿಂಟುಗಳಿಗೆ ಒಣ ಬಿಳಿ ಕಾಗದ ಒತ್ತಿ ನೋಡಿ, ಬೆರಳಿಗೆ ತಿಳಿಯದ ಒದ್ದೆ ಕಾಗದಕ್ಕೆ ತಿಳಿಯುತ್ತದೆ. ನಂತರ ಮನೆಯ ಸುತ್ತಮುತ್ತಲೇ ಇಪ್ಪತ್ತು ನಿಮಿಷ ಓಡಿಸಿ, ಹೆದ್ದಾರಿಗೆ ಬೇಡ. ನನ್ನಂತೆ ಕೆರೆ ಏರಿಗೂ ಬೇಡ.

ಹಳೆಯ ಫಿಲ್ಟರ್, ಬಾಟಲಿಯ ಡೀಸೆಲ್, ಒರೆಸಿದ ಬಟ್ಟೆ ಚರಂಡಿಗೂ ತೋಟಕ್ಕೂ ಹೋಗಬಾರದು. ಹತ್ತಿರದ ಗ್ಯಾರೇಜಿನವರು ಹಳೆ ಆಯಿಲ್ ಡ್ರಮ್ ಇಟ್ಟಿರುತ್ತಾರೆ, ಕೇಳಿದರೆ ತೆಗೆದುಕೊಳ್ಳುತ್ತಾರೆ. ಬದಲಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಹೊಸ ಫಿಲ್ಟರಿನ ಮೈಮೇಲೇ ಮಾರ್ಕರಿನಲ್ಲಿ ಬರೆದಿಡಿ.

ನಿಜವಾದ ಫಲಿತಾಂಶ ಮಾರನೆಯ ಬೆಳಿಗ್ಗೆ. ಎಲ್ಲೋ ಕೂದಲೆಳೆ ಸಂದು ಉಳಿದಿದ್ದರೆ ರಾತ್ರಿಯಿಡೀ ಅಲ್ಲಿಂದ ಗಾಳಿ ಒಳಬಂದು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ, ಮೊದಲ ಸೆಲ್ಫ್ ಉದ್ದಕ್ಕೆ ಎಳೆಯುತ್ತದೆ. ಎಂದಿನಂತೆ ಒಂದೇ ಸೆಲ್ಫ್‌ಗೆ ಹಿಡಿದರೆ ಉಪಕರಣಗಳನ್ನು ಪೆಟ್ಟಿಗೆಗೆ ಸೇರಿಸಬಹುದು. ಅಲ್ಲಿಯವರೆಗೆ ನಾನು ಹತ್ತನೇ ನಂಬರ್ ಸ್ಪ್ಯಾನರನ್ನು ಜಗಲಿಯ ಮೇಲೆಯೇ ಬಿಟ್ಟಿರುತ್ತೇನೆ.